ಕೂಗದೆ ಇಳಿದ ಜೀಪು

ಬೋಜಪ್ಪನಿಗೆ ಮಧ್ಯಾಹ್ನದ ನಿದ್ದೆಯಲ್ಲಿ ಬೀಳುವ ಕನಸು ಯಾವಾಗಲೂ ಒಂದೇ. ಜೀಪು ಬೊಳ್ಳಾಜೆ ಗುಡ್ಡೆಯ ದಾರಿಯಲ್ಲಿ ಇಳಿಯುತ್ತಿರುತ್ತದೆ. ಎಂಜಿನ್ ಸದ್ದಿಲ್ಲ. ಚಕ್ರ ನೆಲಕ್ಕೆ ತಾಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡೂ ಬದಿಯ ರಬ್ಬರ್ ಮರಗಳು ಮೆಲ್ಲ ಸರಿದು ದಾರಿ ಬಿಡುತ್ತವೆ. ಎಡಗಡೆ ಸೀಟಿನಲ್ಲಿ ಹೆಂಡತಿ ಪೂವಮ್ಮ ಕೂತಿರುತ್ತಾಳೆ. ಈಗಿನವಳಲ್ಲ, ಮದುವೆಯಾದ ಹೊಸತರ ಪೂವಮ್ಮ, ಕೈ ಹೊರಗೆ ಚಾಚಿ ಮಂಜನ್ನು ಮುಟ್ಟಿ ನೋಡುತ್ತಾ, ಬಾಯೊಳಗೇ ಎಂತದೋ ಪದ ಗುನುಗುತ್ತಾ. ಇಲ್ಲಿಯವರೆಗೆ ಬಲು ಚೆಂದದ ಕನಸು. ಆಮೇಲೆ ನಡುವಿನ ತಿರುವು ಬರುತ್ತದೆ, ಬೋಜಪ್ಪ ಬ್ರೇಕ್ ಒತ್ತುತ್ತಾನೆ, ಕಾಲು ಹತ್ತಿಯ ಮೂಟೆಯೊಳಗೆ ಹೋದ ಹಾಗೆ ಕೆಳಕೆಳಗೆ ಹೋಗುತ್ತದೆ, ಎಡಗಡೆ ನೋಡಿದರೆ ಸೀಟು ಖಾಲಿ. ಎಚ್ಚರಾದಾಗ ಬಲಗಾಲು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ಆ ಗೋಡೆಯಲ್ಲಿ ಹೆಜ್ಜೆಯ ಗುರುತೇ ಬಿದ್ದಿದೆ ಮಾರಾಯ್ರೆ, ಸುಣ್ಣ ಬಳಿದರೂ ಹೋಗುವುದಿಲ್ಲ.

ಪಂಜದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವಾಗ ಒಂದು ಕಡೆ ಒಳಗೆ ತಿರುಗಿ, ಹಳ್ಳ ದಾಟಿ, ಬೊಳ್ಳಾಜೆ ಗುಡ್ಡೆ ಹತ್ತಬೇಕಾದರೆ ಬೋಜಪ್ಪನ ಜೀಪೇ ಗತಿ. ಹೊಸ ಕಾರಿನವರು ಹಳ್ಳದ ಹತ್ತಿರ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿ, ಬೋಜಪ್ಪನಿಗೇ ಫೋನು ಮಾಡುತ್ತಾರೆ. ಪ್ರಾಯದ ಕಾಲದಲ್ಲಿ ಅವನು ಮರದ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಡ್ರೈವರ್ ಊಟಕ್ಕೆ ಹೋದಾಗ ಸ್ಟೇರಿಂಗ್ ಹಿಡಿದು ಕೂತು, ಬಾಯಲ್ಲೇ ಗೇರ್ ಹಾಕಿ, ಬಾಯಲ್ಲೇ ಕೊಡಗಿನವರೆಗೆ ಹೋಗಿಬರುತ್ತಿದ್ದನಂತೆ. ಮುಂದೆ ಒಂದು ರಬ್ಬರ್ ತೋಟದವರು ಹಳೆ ಜೀಪನ್ನು ಹರಾಜಿಗೆ ಇಟ್ಟಾಗ, ಬೇರೆ ಯಾರೂ ಕೈ ಎತ್ತದ ಕಾರಣ ಅದು ಇವನದಾಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಗುಡ್ಡೆಗೆ ಅಕ್ಕಿ, ಗ್ಯಾಸ್ ಸಿಲಿಂಡರ್, ಮದುಮಗಳು, ಓಟಿನ ಪೆಟ್ಟಿಗೆ, ಹೆರಿಗೆ ನೋವಿನವರು, ಕೊನೆಗೆ ಪುತ್ತೂರಿನ ಆಸ್ಪತ್ರೆಯಿಂದ ಬರುವ ಹೆಣ ಕೂಡ ಹತ್ತಿದ್ದು ಅದರಲ್ಲೇ. ಮಾತಾಡುತ್ತಾ ಮಾತಾಡುತ್ತಾ ನಡುವಿನಲ್ಲಿ ಎಲ್ಲಿಗೋ ಹೋಗಿಬಿಡುವ ಮನುಷ್ಯ ಅವನು. "ಹೂಂ, ಮತ್ತೆ?" ಎಂದು ನೀವು ಎರಡು ಸಲ ಕೇಳಬೇಕು. ಊರವರು ಹಿಂದಿನಿಂದ ಕನಸು ಬೋಜಪ್ಪ ಅನ್ನುತ್ತಾರೆ; ಮುಂದಿನಿಂದ ಹೇಳಿದರೂ ಅವನಿಗೆ ಬೇಜಾರಿಲ್ಲ.

ಜೀಪಿನ ಬ್ರೇಕಿನ ವಿಷಯ ಹೇಳದಿದ್ದರೆ ಬೋಜಪ್ಪನ ವಿಷಯ ಹೇಳಿದ ಹಾಗಾಗುವುದಿಲ್ಲ. ಅದು ಹಳೆ ಕಾಲದ ಡ್ರಮ್ ಬ್ರೇಕ್. ಹೊಸತಾಗಿ ಹತ್ತಿದವರು ಕಬ್ಬಿಣದ ಸರಳು ಹಿಡಿದುಕೊಂಡು ಕೇಳುತ್ತಾರೆ, "ಬೋಜಪ್ಪಣ್ಣ, ಬ್ರೇಕ್ ಉಂಟಾ?" "ಉಂಟು ಮಾರಾಯ. ಮೂರು ಸಲ ಕರೀಬೇಕು, ಅಷ್ಟೇ." ಒಮ್ಮೆ ಒತ್ತಿದರೆ ಏನೂ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಗಟ್ಟಿಯಾಗುತ್ತದೆ. ಮೂರನೆಯದಕ್ಕೆ ಸೀಟಿನಿಂದ ಅರ್ಧ ಎದ್ದು ಮೈಭಾರ ಪೂರಾ ಹಾಕಿದರೆ ಹಿಡಿಯುತ್ತದೆ, ಹಿಡಿಯುವಾಗ ಕೂಗುತ್ತದೆ. ಅದೆಂತಹ ಕೂಗು ಅಂತೀರಿ! ಗುಡ್ಡೆಯ ಈಚೆ ಕೂಗಿದರೆ ಆಚೆ ನಾಯಿ ಬೊಗಳಬೇಕು. ಇಳಿಯುವ ದಾರಿಯಲ್ಲಿ ಮನೆ ಇರುವವರು ಆ ಕೂಗು ಕೇಳಿದ ಮೇಲೆಯೇ ಅಂಗಿ ಹಾಕಿಕೊಂಡು ರಸ್ತೆಗೆ ಬಂದು ನಿಲ್ಲುವುದು. ಇನ್ನೊಂದು ಮಾತು: ಆ ಇಳಿತದಲ್ಲಿ ಜೀಪು ನಿಧಾನ ಆಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಹತ್ತುವವರು ಓಡಿ ಹತ್ತಬೇಕು. ಹೊರಟರೆ ಹಳ್ಳದವರೆಗೆ ಹೊರಟ ಹಾಗೆಯೇ.

ಪೂವಮ್ಮ ಮದುಮಗಳಾಗಿ ಆ ಗುಡ್ಡೆ ಹತ್ತಿದ್ದೂ ಅದೇ ಜೀಪಿನಲ್ಲಿ, ಅದೇ ಎಡಗಡೆ ಸೀಟಿನಲ್ಲಿ. ಅವಳಿಗೆ ಜೀಪೆಂದರೆ ಪ್ರಾಣ. ಪಂಜಕ್ಕೆ ಉಪ್ಪು ತರಲು ಹೊರಟರೂ ಜೊತೆಗೆ ಬಂದು ಕೂರುತ್ತಿದ್ದಳು. ಒಂದು ಮಳೆಗಾಲದ ಕೊನೆಗೆ, ಬೆಳಿಗ್ಗೆ ಇಬ್ಬರೇ ಇಳಿಯುತ್ತಿದ್ದಾಗ, ನಡುವಿನ ತಿರುವಿನಲ್ಲಿ ಬ್ರೇಕ್ ಆಯಿಲಿನ ಪೈಪು ಒಡೆದು ಪೆಡಲು ನೆಲಕ್ಕೆ ಹೋಯಿತು. ಬೋಜಪ್ಪ ಜೀಪನ್ನು ರಸ್ತೆ ಬದಿಯ ಮಣ್ಣಿನ ಧರೆಗೆ ಒರೆಸಿ ನಿಲ್ಲಿಸಿದ. ಅವನಿಗೆ ಒಂದು ಗೀರೂ ಆಗಲಿಲ್ಲ. ಪೂವಮ್ಮ ಮಾತ್ರ ಹೊರಗೆ ಎಸೆಯಲ್ಪಟ್ಟು ಜರಿಗಿಡಗಳ ನಡುವೆ ಬಿದ್ದಿದ್ದಳು, ಹೆಗಲಿನ ಎಲುಬು ತಪ್ಪಿತ್ತು. ಅದು ಸರಿಯಾಯಿತು. ಆದರೆ ಅವಳು ಅಂದಳು, "ಇನ್ನು ನಾನು ಇದಕ್ಕೆ ಹತ್ತುದಿಲ್ಲ." ಅಂದದ್ದು ಒಂದೇ ಸಲ. ಅವಳದ್ದು ಎರಡು ಸಲ ಹೇಳುವ ಜಾತಕ ಅಲ್ಲ.

ಅಲ್ಲಿಂದ ಮತ್ತೆ ಅವಳು ಎಲ್ಲಿಗೆ ಹೋಗುವುದಿದ್ದರೂ ನಡೆದೇ ಇಳಿದಳು, ನಡೆದೇ ಹತ್ತಿದಳು. ಬೋಜಪ್ಪ ಜೀಪು ತಿರುಗಿಸಿ ಹೊರಡುವಾಗ ಅಂಗಳದಲ್ಲಿದ್ದವಳು ಬೆನ್ನು ಹಾಕಿ ಮನೆಯ ಹಿಂದೆ ಹೋಗಿಬಿಡುತ್ತಿದ್ದಳು. ಕನ್ನಡಿಯಲ್ಲಿ ನೋಡಿದರೆ ಅಂಗಳ ಖಾಲಿ. ಅಷ್ಟು ಸಿಟ್ಟಾ ಮಾರಾಯ್ರೆ ಇವಳಿಗೆ, ನೋಡಲಿಕ್ಕೂ ಮನಸ್ಸಿಲ್ಲವಾ ಎಂದು ಬೋಜಪ್ಪನಿಗೆ ದಿನಾ ಒಮ್ಮೆ ಅನ್ನಿಸುತ್ತಿತ್ತು. ಈಗ ಎರಡು ಮಳೆಗಾಲದಿಂದ ಅವಳ ಮಂಡಿ ಹಿಡಿದಿದೆ. ನಡೆದು ಇಳಿದರೆ ಹತ್ತಲಿಕ್ಕಾಗುವುದಿಲ್ಲ. ಮಗ ಸುಜಯ್ ಬೈಕಿನಲ್ಲಿ ಕರಕೊಂಡು ಹೋಗುತ್ತೇನೆ ಅಂದದ್ದಕ್ಕೆ, "ಎರಡು ಚಕ್ರದ್ದಕ್ಕೆ ನಾಲ್ಕು ಚಕ್ರದ್ದಕ್ಕಿಂತ ಜಾಸ್ತಿ ಬುದ್ಧಿ ಉಂಟಾ?" ಎಂದು ಕೇಳಿದಳು. ತಂಗಿಯ ಮನೆಗಿಲ್ಲ, ಮದುವೆಗಿಲ್ಲ, ಜವುಳಿಗಿಲ್ಲ. ಒಂದು ಇಡೀ ವರ್ಷ ಪೂವಮ್ಮ ಗುಡ್ಡೆಯಿಂದ ಕೆಳಗೆ ಕಾಲಿಡಲಿಲ್ಲ. ಕೇಳಿದರೆ, "ಕೆಳಗೆ ನನಗೆಂತ ಕೆಲಸ?" ಅನ್ನುತ್ತಾಳೆ. ಆದರೆ ಸಂಜೆ ಹೊತ್ತು ಅಂಗಳದ ಕೊನೆಗೆ ಹೋಗಿ ನಿಂತು, ಕೆಳಗೆ ಟಾರು ರಸ್ತೆಯಲ್ಲಿ ಹೋಗುವ ಬಸ್ಸನ್ನು ಕಾಣದಾಗುವವರೆಗೆ ನೋಡುತ್ತಾಳೆ. ಅದನ್ನು ಬೋಜಪ್ಪ ಕಂಡಿದ್ದ.

ಒಂದು ದಿನ ಅವನು ಏನೂ ಹೇಳದೆ ಜೀಪು ತೆಗೆದುಕೊಂಡು ಸುಳ್ಯ ದಾಟಿ ಜಾಲ್ಸೂರಿಗೆ ಹೋದ. ಅಲ್ಲಿ ಕಾಸರಗೋಡಿಗೆ ತಿರುಗುವಲ್ಲಿ ಪೋಕರ್‌ನ ಗ್ಯಾರೇಜು. ಪೋಕರ್ ಗಿರಾಕಿಯ ಹತ್ತಿರ ಅವರವರ ಭಾಷೆ ಮಾತಾಡುತ್ತಾನೆ. ಕಳಚದ ನಟ್ಟಿನ ಹತ್ತಿರ ಬ್ಯಾರಿ, ತುಳು, ಮಲಯಾಳ, ಕನ್ನಡ ನಾಲ್ಕೂ ಮಾತಾಡುತ್ತಾನೆ.

"ಪೋಕರ್, ಈ ಡ್ರಮ್ಮು ಸಾಕು. ಇದಕ್ಕೆ ಡಿಸ್ಕ್ ಹಾಕ್ಲಿಕ್ಕೆ ಆಗ್ತದಾ?"

"ಆಗುದೆಂತ, ಆಗ್ತದೆ. ಆದ್ರೆ ಇಷ್ಟು ವರ್ಷ ಇಲ್ಲದ್ದು ಈಗ ಎಂತಕ್ಕೆ ಬೋಜಪ್ಪಣ್ಣ? ಮುದುಕನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ!"

"ಪೂವಮ್ಮ ಎಡಗಡೆ ಕೂರ್ಬೇಕು."

ಪೋಕರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ತಮಾಷೆ ಮಾಡಲಿಲ್ಲ. ಹಿಂದಿನಿಂದ ಲಾರಿ ಗುದ್ದಿ ಬೆನ್ನು ಮುರಿದ ಹೊಸ ಕಾಲದ ಒಂದು ಜೀಪು ಮಡಿಕೇರಿ ರಸ್ತೆಯ ಗುಜರಿಯಲ್ಲಿ ಉಂಟು, ಅದರ ಮುಂದಿನ ಭಾಗಕ್ಕೆ ಏನೂ ಆಗಿಲ್ಲ, ಬೇಕಾದ್ದೆಲ್ಲ ಅದರಿಂದ ಬಿಚ್ಚಿ ತರಬಹುದು ಅಂದ. ಹಳೆಯದರಲ್ಲಿ ಡ್ರಮ್ಮಿನ ಒಳಗಿನಿಂದ ಹೊರಗೆ ಒತ್ತುವುದು. ಹೊಸತರಲ್ಲಿ ಚಕ್ರದ ಜೊತೆ ತಿರುಗುವ ಒಂದು ತಟ್ಟೆಯನ್ನು ಎರಡೂ ಬದಿಯಿಂದ ಚಿವುಟಿ ಹಿಡಿಯುವುದು. ಕಾಲಿನ ಬಲಕ್ಕೆ ಬಲ ಕೂಡಿಸಲು ಬೂಸ್ಟರ್ ಎಂಬ ಡಬ್ಬಿ, ಆ ಡಬ್ಬಿಗೆ ಗಾಳಿ ಎಳೆಯಲು ಒಂದು ಪಂಪು. ಮತ್ತೆ ಆಯಿಲು ಒಂದೇ ಕೊಳವೆಯಲ್ಲಿ ಅಲ್ಲ, ಎರಡು ದಾರಿಯಲ್ಲಿ ಹೋಗುತ್ತದೆ.

"ಎರಡು ದಾರಿಯಾ? ಅಂದ್ರೆ?"

"ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಒಂದು. ಒಂದು ಒಡೆದ್ರೂ ಇನ್ನೊಂದು ಹಿಡೀತದೆ."

"ಇನ್ನೊಮ್ಮೆ ಹೇಳು," ಅಂದ ಬೋಜಪ್ಪ. ಪೋಕರ್ ಇನ್ನೊಮ್ಮೆ ಹೇಳಿದ. ಬೋಜಪ್ಪನ ಕಣ್ಣು ಎಲ್ಲೋ ಇತ್ತು. ಒಂದು ಒಡೆದರೂ ಇನ್ನೊಂದು. ಆ ಮಳೆಗಾಲದ ಬೆಳಿಗ್ಗೆ ಆ ಇನ್ನೊಂದು ಇದ್ದಿದ್ದರೆ ಇಷ್ಟು ವರ್ಷ ಹೇಗಿರುತ್ತಿತ್ತು ಎಂದು ಅವನು ನಿಂತಲ್ಲೇ ಕನಸು ಕಾಣತೊಡಗಿದ. ಕದ್ರಿ, ಕಟೀಲು ನೋಡಿ, ಮಂಗಳೂರಿನ ಸಮುದ್ರದವರೆಗೆ ಅವಳನ್ನು ಕರಕೊಂಡು ಹೋಗಿ ಬಂದಾಯಿತು. ಪೋಕರ್ ಚಹಾ ತರಿಸಿ, ಆ ಚಹಾ ತಣಿದು, ಅವನೇ ಅದನ್ನು ಕುಡಿದೂ ಆಗಿತ್ತು.

ಕೆಲಸ ಸಲೀಸಾಗಿ ಆಗಲಿಲ್ಲ. ತಟ್ಟೆ ಕೂತರೆ ಹಳೆ ರಿಮ್ಮಿಗೆ ತಾಗಿತು, ರಿಮ್ಮು ಬದಲಿಸಿದರೆ ಬೂಸ್ಟರ್ ಕೂರುವ ಜಾಗದಲ್ಲಿ ಇನ್ನೊಂದು ಕಬ್ಬಿಣ ಅಡ್ಡ ಬಂತು. ಬೋಜಪ್ಪ ಬಸ್ಸಿನಲ್ಲಿ ದಿನಾ ಬೆಳಿಗ್ಗೆ ಬಂದು ಗ್ಯಾರೇಜಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ. ಕೊನೆಗೆ ಕೊಳವೆಯೊಳಗಿನ ಗಾಳಿ ಎಲ್ಲ ತೆಗೆದು, ಪೋಕರ್ ಎಡಗಡೆ ಹತ್ತಿ ಕೂತು, "ಬಿಡಿ, ನೋಡುವ," ಅಂದ.

ಆಗ ಆದದ್ದು ನೋಡಿ, ಈ ಗುಡ್ಡೆಯವರಿಗೆ ಮಾತ್ರ ಆಗುವಂಥದ್ದು. ಜಾಲ್ಸೂರಿನ ಸಪಾಟು ರಸ್ತೆಯಲ್ಲಿ ಬೋಜಪ್ಪ ಬ್ರೇಕ್ ಒತ್ತಿದ. ಒಮ್ಮೆ ಒತ್ತುವ ಅಭ್ಯಾಸ ಅವನ ಕಾಲಿಗೆ ಇಲ್ಲವಲ್ಲ! ಸೀಟಿನಿಂದ ಅರ್ಧ ಎದ್ದು, ಮೈಭಾರ ಹಾಕಿ, ದಬದಬ ಮೂರು ಸಲ ಮೆಟ್ಟಿದ. ಮೊದಲನೆಯದಕ್ಕೇ ಜೀಪು ನೆಟ್ಟ ಹಾಗೆ ನಿಂತಿತು, ಉಳಿದ ಎರಡು ಸುಮ್ಮನೆ. ಪೋಕರ್‌ನ ಹಣೆ ಗಾಜಿಗೆ ಟಪ್ ಎಂದಿತು. ಹಿಂದಿನಿಂದ ಜಾಕು, ಸ್ಪ್ಯಾನರ್, ಆಯಿಲು ಡಬ್ಬಿ ಎಲ್ಲ ಮುಂದೆ ಬಂದವು.

"ಯಾ ಅಲ್ಲಾ! ಬೋಜಪ್ಪಣ್ಣ, ಜೀಪಿಗೆ ಹೊಸ ಬ್ರೇಕ್ ಹಾಕಿದ್ದು, ನನಗೆ ಹೊಸ ತಲೆ ಹಾಕಿದ್ದಲ್ಲ! ಮೊದಲು ನಿಮ್ಮ ಕಾಲಿಗೆ ಬುದ್ಧಿ ಹೇಳಿ!"

ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡಿಹೋಗುವುದು ಎಂದೇ ಬೋಜಪ್ಪ ಅಲ್ಲಿಯವರೆಗೆ ತಿಳಿದಿದ್ದ. ಈಗ ನಿಜವಾಗಿಯೇ ಹೇಳಬೇಕಾಯಿತು. ಪೋಕರ್ ಅವನ ಚಪ್ಪಲಿ ತೆಗೆಸಿದ. ಬರಿಗಾಲಿನಲ್ಲಿ ಒತ್ತಬೇಕು, ಮಲಗಿದ ಮಗುವಿಗೆ ಕಾಲು ತಾಗಿದರೆ ಹೇಗೆ ತೆಗೆಯುತ್ತೀರೋ ಅಷ್ಟು ಮೆಲ್ಲ, ಅಂದ. ಮತ್ತೆ ಮತ್ತೆ ಹೋಗಿ ಬಂದು, ಪೆಟ್ಟು ತಿಂದ ಪೋಕರ್ ಮತ್ತೆ ಮತ್ತೆ ಬಯ್ದು, ಸಂಜೆಯೊಳಗೆ ಕಾಲು ದಾರಿಗೆ ಬಂತು. ಮೆತ್ತಗೆ ಒತ್ತಿದರೆ ಜೀಪು ಮೆತ್ತಗೆ ನಿಲ್ಲುತ್ತದೆ. ಕೂಗಿಲ್ಲ, ಕಿರುಚಿಲ್ಲ. ಬೋಜಪ್ಪನಿಗೆ ಇದು ತನ್ನದೇ ಜೀಪಾ ಎಂದು ಅನುಮಾನ ಬಂದು ಇಳಿದು ನಂಬರ್ ಪ್ಲೇಟು ನೋಡಿದ, ದೇವರಾಣೆಗೂ.

ಮನೆಗೆ ಹತ್ತಿ ಬಂದವನು ಪೂವಮ್ಮನನ್ನು ಅಂಗಳಕ್ಕೆ ಕರೆದು, ಬಗ್ಗಿ ಚಕ್ರದ ಒಳಗೆ ಹೊಳೆಯುವ ತಟ್ಟೆ ತೋರಿಸಿದ. ಎರಡು ದಾರಿಯ ಕಥೆ ಹೇಳಿದ. ಅವರ ಮನೆಮಾತು ಅರೆಭಾಷೆ. ನಾನು ಎಲ್ಲರಿಗೂ ಅರ್ಥವಾಗಲಿ ಎಂದು ಹೀಗೆ ಹೇಳುತ್ತಿದ್ದೇನೆ.

"ಕಾವಲಿ ಹಾಗೆ ಉಂಟು, ದೋಸೆ ಹೊಯ್ಯಬಹುದು," ಅಂದಳು ಪೂವಮ್ಮ.

"ಒಮ್ಮೆ ಕೂತು ನೋಡು. ಹಳ್ಳದವರೆಗೆ. ಅಲ್ಲಿಂದ ವಾಪಸ್."

ಅವಳು ಸೆರಗಿಗೆ ಕೈ ಒರೆಸಿದಳು. ಎಡಗಡೆ ಸೀಟನ್ನು ಒಮ್ಮೆ ನೋಡಿದಳು. "ಬೇಡ," ಅಂದು ಒಳಗೆ ಹೋದಳು.

ಬೋಜಪ್ಪ ಅಂಗಳದಲ್ಲೇ ನಿಂತ. ಅಳು ಬಂತು, ಏನು ಮಾಡುವುದು! ಇಷ್ಟು ದಿನ ಅವನು ತಿಳಿದಿದ್ದು ಬ್ರೇಕ್ ಒಂದು ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು. ಇನ್ನು ಜೀಪಿನಲ್ಲಿ ಬದಲಿಸಲು ಏನು ಉಳಿದಿದೆ, ತನ್ನನ್ನೇ ಬದಲಿಸಬೇಕಷ್ಟೆ ಎಂದುಕೊಂಡು ಉಣ್ಣದೆ ಮಲಗಿದ.

ಮರುದಿನ ಬೆಳಿಗ್ಗೆ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಪಂಜಕ್ಕೆ ರಬ್ಬರ್ ಶೀಟು ಕೊಂಡುಹೋಗಲಿಕ್ಕಿತ್ತು. ಜೀಪು ತಿರುಗಿಸುವಾಗ ಪೂವಮ್ಮ ಎಂದಿನಂತೆ ಬೆನ್ನು ಹಾಕಿ ಹಿಂದೆ ಹೋದಳು. ಬೋಜಪ್ಪ ಕನ್ನಡಿ ನೋಡಲಿಲ್ಲ. ಬರಿಗಾಲಿಟ್ಟು ಇಳಿತಕ್ಕೆ ಬಿಟ್ಟ.

ಇಳಿದ ಹಾಗೇ ಅನಿಸಲಿಲ್ಲ. ಜೀಪು ಮಂಜಿನೊಳಗೆ ಹೋಯಿತು, ಮಂಜು ಜೀಪಿನೊಳಗೆ ಬಂತು. ಕಾಲು ಮೆಲ್ಲ ತಾಗಿದರೆ ಸಾಕು, ಇಡೀ ಗಾಡಿ ಉಸಿರು ಹಿಡಿದ ಹಾಗೆ ತಡೆದು ನಿಧಾನವಾಗುತ್ತಿತ್ತು. ಮೇಲಿನ ತಿರುವು ಕಳೆಯಿತು, ಸದ್ದಿಲ್ಲ. ಬಂಡೆಯ ತಿರುವು ಕಳೆಯಿತು, ಸದ್ದಿಲ್ಲ. ನಡುವಿನ ತಿರುವಿಗೆ ಬಂದಾಗ ಬೋಜಪ್ಪನಿಗೆ ಒಂದು ಆಸೆ ಹುಟ್ಟಿತು. ಇಲ್ಲಿ ನಿಂತರೆ ಹೇಗೆ? ಇಷ್ಟು ವರ್ಷದಲ್ಲಿ ಈ ಇಳಿತದ ನಡುವೆ ಬೇಕೆಂದು ಒಮ್ಮೆಯೂ ನಿಂತದ್ದಿಲ್ಲವಲ್ಲ! ಮೆತ್ತಗೆ ಒತ್ತಿದ. ಜೀಪು ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದ, ಗೇರಿನಲ್ಲಿಟ್ಟ, ಎಂಜಿನ್ ಬಂದ್ ಮಾಡಿದ. ಆದರೂ ಮನಸ್ಸು ಕೇಳದೆ ಇಳಿದು ಒಂದು ಕಲ್ಲು ಹುಡುಕಿ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟು, ಮತ್ತೆ ಬಂದು ಕೂತ.

ತಿರುವಿನಲ್ಲಿ ಒಂದು ಮರ ಇತ್ತು. ಅವನಿಗೆ ಅದು ಗೊತ್ತಿದ್ದದ್ದು ಗುದ್ದಬಾರದ ವಸ್ತು ಎಂದು ಮಾತ್ರ. ಈಗ ನೋಡಿದರೆ ಅದು ಸುರಗಿ ಮರ, ಗೆಲ್ಲಿಗೆ ಗೆಲ್ಲೇ ಹೂ ಬಿಟ್ಟು ನಿಂತಿದೆ. ಪರಿಮಳ ಅಂದರೆ ಪರಿಮಳ, ತಲೆ ತಿರುಗಬೇಕು. ಜೇನುನೊಣಗಳ ಸದ್ದು ಎಲ್ಲೋ ದೂರದಲ್ಲಿ ಎಂಜಿನ್ ನಡೆದ ಹಾಗೆ ಕೇಳುತ್ತಿತ್ತು. ಮಂಜು ಸರಿದಾಗ ಕೆಳಗೆ ಹಳ್ಳ, ಹಳ್ಳದಾಚೆ ರಬ್ಬರ್ ತೋಟ, ಅದರಾಚೆ ನೀಲಿಯಲ್ಲಿ ಕುಮಾರ ಪರ್ವತ. ಇದೆಲ್ಲ ಇಲ್ಲೇ ಇತ್ತಾ? ತಾನು ದಿನಾ ಇದರ ನಡುವೆಯೇ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆನಾ? ಪೂವಮ್ಮ ಆಗ ಕೈ ಚಾಚಿ ನೋಡುತ್ತಿದ್ದದ್ದು ಇದನ್ನೇ ಇರಬೇಕು. ಅವಳಿಗೆ ಬ್ರೇಕ್ ಒತ್ತುವ ಕೆಲಸ ಇರಲಿಲ್ಲ, ಹಾಗಾಗಿ ಕಂಡಿತ್ತು. ಬೋಜಪ್ಪ ಸ್ಟೇರಿಂಗಿನ ಮೇಲೆ ಗಲ್ಲ ಇಟ್ಟು ಎಲ್ಲಿಗೋ ಹೋಗಿಬಿಟ್ಟ.

ಎಷ್ಟು ಹೊತ್ತಾಯಿತೋ. ಮೇಲಿನಿಂದ ಕಲ್ಲು ಉರುಳುವ ಸದ್ದಾಯಿತು. ಆಮೇಲೆ ಏದುಸಿರು. ತಿರುಗಿ ನೋಡಿದರೆ ಪೂವಮ್ಮ! ಚಪ್ಪಲಿ ಇಲ್ಲ, ತುರುಬು ಬಿಚ್ಚಿದೆ, ಒಂದು ಕೈ ಧರೆಗೆ ಆನಿಸಿಕೊಂಡು, ನೋವಿನ ಕಾಲು ಎಳೆದುಕೊಂಡು ಬರುತ್ತಿದ್ದಾಳೆ. ಜೀಪನ್ನು ಕಂಡವಳು ಅಲ್ಲೇ ನಿಂತಳು. ಒಳಗೆ ಇವನನ್ನು ಕಂಡಳು.

"ನಿಮಗೆ ಮಂಡೆ ಸರಿ ಉಂಟಾ?" ಅಂತ ಕಿರುಚಿದಳು. ಗುಡ್ಡೆಯ ಆಚೆ ನಾಯಿ ಬೊಗಳಿತು. "ಮೇಲಿನ ತಿರುವಲ್ಲಿ ಕೂಗ್ಲಿಲ್ಲ, ಬಂಡೆ ಹತ್ರ ಕೂಗ್ಲಿಲ್ಲ. ಇಲ್ಲಿ ಬಂದು ಎಂಜಿನ್ ಸದ್ದೂ ನಿಂತಿತು. ಕೆಳಗೆ ಹೋಯ್ತು ಅಂತ ಮಾಡಿದೆ! ಜೀಪೂ ಹೋಯ್ತು, ನೀವೂ ಹೋದ್ರಿ ಅಂತ..."

"ಹೊಸ ಬ್ರೇಕ್ ಅಲ್ವಾ, ಅದು ಕೂಗುದಿಲ್ಲ," ಅಂದ ಬೋಜಪ್ಪ.  ಆಮೇಲೆ ಕೇಳಿದ, "ನೀನು ಕೂಗು ಕೇಳ್ತಿದ್ಯಾ?"

"ಮತ್ತೆ? ದಿನಾ ಹಿತ್ತಿಲಿಗೆ ಹೋಗಿ ನಿಲ್ಲುದು ಎಂತಕ್ಕೆ, ನಿಮ್ಮ ತಲೆಗೆ? ಅಲ್ಲಿ ನಿಂತ್ರೆ ಹಳ್ಳದವರೆಗೆ ಕೇಳ್ತದೆ. ಕಡೇದು ಕೂಗಿದ ಮೇಲೆಯೇ ನನಗೆ ಒಲೆ ಹತ್ರ ಹೋಗ್ಲಿಕ್ಕೆ ಕಾಲು ಬರುದು."

ಬೋಜಪ್ಪನಿಗೆ ಕನ್ನಡಿಯಲ್ಲಿ ಖಾಲಿ ಕಂಡ ಅಂಗಳವನ್ನು ನೆನೆದು, ಇಷ್ಟು ವರ್ಷ ಎಂತಹ ಪೆದ್ದನಾಗಿದ್ದೆ ಎಂದು ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಇಳಿದು ಹೋಗಿ ಅವಳ ತೋಳು ಹಿಡಿದ. ಅವಳ ಮಂಡಿ ಆಗಲೇ ಊದಿತ್ತು. ಮನೆ ನೋಡಿದರೆ ಅಷ್ಟು ಮೇಲೆ. ನಡೆದು ಹತ್ತುವ ಮಾತೇ ಇರಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಎಡಗಡೆ ಬಾಗಿಲನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಬಾಯಿಯಲ್ಲಿ ಏನೋ ಗೊಣಗಿ, ಒಂದು ಕಾಲು ಇಟ್ಟಳು. ಬೋಜಪ್ಪ ಕೈ ಕೊಟ್ಟ. ಕೂತಳು.

ಬೋಜಪ್ಪ ಈಚೆ ಬಂದು ಸ್ಟೇರಿಂಗ್ ಹಿಡಿದ. ಎಂಜಿನ್ ಶುರು ಮಾಡಿದ. "ರಿವರ್ಸಿನಲ್ಲೇ ಮೇಲೆ ತೆಗೀತೇನೆ. ಹೆದರ್ಬೇಡ. ಮನೆಗೆ ಬಿಡ್ತೇನೆ."

ಪೂವಮ್ಮ ಕೆಳಗೆ ಹಳ್ಳದ ಕಡೆ ನೋಡುತ್ತಿದ್ದಳು. ಮಂಜು ಪೂರ್ತಿ ಬಿಟ್ಟಿತ್ತು. ಟಾರು ರಸ್ತೆಯಲ್ಲಿ ಒಂದು ಬಸ್ಸು ಹೋಗುತ್ತಿತ್ತು.

"ಮೇಲೆ ಎಂತ ಉಂಟು?" ಅಂದಳು. "ಮೇಲೆಯೇ ಇದ್ದೇನಲ್ಲ ಇಷ್ಟು ದಿನ. ಕೆಳಗೆ ಬಿಡಿ."

"ಚಪ್ಪಲಿ?"

"ಪಂಜದಲ್ಲಿ ಅಂಗಡಿ ಇಲ್ವಾ?"

ಬೋಜಪ್ಪನ ಕೈ ಗೇರಿನ ಮೇಲೆ ಹೋಗಿ ನಿಂತಿತು. ಚಕ್ರಕ್ಕೆ ಕಲ್ಲು ಇಟ್ಟದ್ದು ನೆನಪಾಯಿತು. ತೆಗೆಯಲು ಇಳಿಯಬೇಕು. ಇಳಿದರೆ ಪೂವಮ್ಮ ಒಬ್ಬಳೇ, ಈ ಇಳಿತದಲ್ಲಿ, ಇದೇ ಜೀಪಿನೊಳಗೆ.

"ಕಲ್ಲು ತೆಗೀಬೇಕು," ಅಂದ ಮೆಲ್ಲ. "ನೀನು ಒಮ್ಮೆ ಇಳಿತೀಯಾ? ತೆಗೆದ ಮೇಲೆ ಹತ್ತಿದ್ರೆ ಆಯ್ತು."

"ನೀವು ಹೋಗಿ ತೆಗೀರಿ," ಅಂದಳು ಪೂವಮ್ಮ. "ನಾನು ಕೂತಿರ್ತೇನೆ."

ಅವನು ಇಳಿದ. ಮುಂದೆ ಬಂದು ಬಗ್ಗಿದ. ಕೈ ಕಲ್ಲಿನ ಮೇಲಿಟ್ಟು ತಲೆ ಎತ್ತಿ ಗಾಜಿನ ಒಳಗೆ ನೋಡಿದ. ಅವಳು ಎದುರಿನ ಕಬ್ಬಿಣದ ಸರಳು ಹಿಡಿದಿರಲಿಲ್ಲ. ಎರಡೂ ಕೈ ಮಡಿಲಲ್ಲಿತ್ತು. ಕಲ್ಲು ಸರಿಸಿದ. ಜೀಪು ಅಲುಗಲಿಲ್ಲ. ಪೂವಮ್ಮನೂ ಅಲುಗಲಿಲ್ಲ.